ಕುಟ್ಟಾಣಿ ಐಪೀಸು, ಅಮ್ಮನ ಭೂತಗನ್ನಡಿ

ಬಸವೇಶ್ವರನಗರದ ನಮ್ಮ ಮನೆಯಲ್ಲಿ ವರ್ಷಕ್ಕೆ ಮೂರು ಸಲವಾದರೂ ಹೆಣ್ಣು ನೋಡುವ ಶಾಸ್ತ್ರ ನಡೆಯುತ್ತಿತ್ತು. ಮನೆಯಲ್ಲಿ ಮದುವೆಗಿದ್ದ ಹುಡುಗಿ ಯಾರೂ ಇರಲಿಲ್ಲ. ನೋಡಲು ಬರುತ್ತಿದ್ದವರು ನನ್ನ ಇಬ್ಬರು ಗೆಳೆಯರು, ನೋಡಿಸಿಕೊಳ್ಳುತ್ತಿದ್ದುದು ಹೆಬ್ಬೆರಳುದ್ದದ ಒಂದು ಕರಿ ಕೊಳವೆ. ಉಪ್ಪಿಟ್ಟು, ಕೇಸರಿಬಾತು, ಕಾಫಿ ಮಾತ್ರ ಶಾಸ್ತ್ರೋಕ್ತವಾಗಿಯೇ ಆಗುತ್ತಿದ್ದವು. ಶಾಸ್ತ್ರಕ್ಕೆ ಆ ಹೆಸರಿಟ್ಟವಳು ಆ ಉಪ್ಪಿಟ್ಟು ಕೆದಕುತ್ತಿದ್ದ ನನ್ನ ಹೆಂಡತಿ.

“ಹುಡುಗಿ ಒಪ್ಪಿಗೆ ಆಯ್ತೇನ್ರೀ?” ಎಂದು ತಟ್ಟೆ ಎತ್ತಿಕೊಳ್ಳುತ್ತಾ ಕೇಳುತ್ತಿದ್ದಳು. “ಇಲ್ಲ, ಊರಿಗೆ ಹೋಗಿ ಕಾಗದ ಬರೀತೀರೋ?”

ಆ ಕರಿ ಕೊಳವೆಯ ಹೆಸರು ಐಪೀಸು. ದೂರದರ್ಶಕದಲ್ಲಿ ಕಣ್ಣಿಡುವ ಜಾಗಕ್ಕೆ ಸಿಕ್ಕಿಸುವ ಸಣ್ಣ ಮಸೂರಗಳ ಕೊಳವೆ. ದೂರದರ್ಶಕ ಒಂದೇ ಇದ್ದರೂ ಐಪೀಸು ಬದಲಾಯಿಸಿದರೆ ಅದೇ ಚಂದ್ರ ಒಮ್ಮೆ ಸಣ್ಣಗೆ, ಒಮ್ಮೆ ದೊಡ್ಡದಾಗಿ, ಒಮ್ಮೆ ಮಂಕಾಗಿ, ಒಮ್ಮೆ ಕೊರೆದಿಟ್ಟಂತೆ ಕಾಣುತ್ತಾನೆ. ಹೀಗೆಂದು ತಿಳಿದ ದಿನದಿಂದ ಮನುಷ್ಯ ಕೆಟ್ಟ. ಚಂದ್ರನನ್ನು ನೋಡುವುದು ಬಿಟ್ಟು ಐಪೀಸು ನೋಡಲು ಶುರುಮಾಡುತ್ತಾನೆ. ಎರಡು ಸಾವಿರದ ಮೂರು, ನಾಲ್ಕನೇ ಇಸವಿಯ ಹೊತ್ತಿಗೆ ನಾವು ಮೂವರೂ ಹೀಗೆ ಕೆಟ್ಟಿದ್ದೆವು.

ಮೂವರಲ್ಲಿ ಹಿರಿಯರು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಲೇತ್ ಇಟ್ಟುಕೊಂಡಿದ್ದವರು. ನಮಗೆಲ್ಲ ಅವರು ಲೇತ್ ಅಣ್ಣ. ನಾಯಂಡಹಳ್ಳಿಯ ಗುಜರಿ ಗೋಡೌನಿನಲ್ಲಿ ಹಳೆಯ ಸರ್ವೆ ಯಂತ್ರವೊಂದು ಬಿದ್ದಿದ್ದರೆ, ಅದರ ಮಸೂರವನ್ನು ಕಿತ್ತು ತಂದು, ಹಿತ್ತಾಳೆಯ ಕೊಳವೆ ಕಡೆದು, ಮರುದಿನವೇ ಐಪೀಸು ಮಾಡಿಬಿಡುತ್ತಿದ್ದರು. ಇನ್ನೊಬ್ಬರು ವಿಜಯನಗರದ ಬ್ಯಾಂಕಿನವರು. ಅವರು ಏನನ್ನೂ ಮಾಡುತ್ತಿರಲಿಲ್ಲ, ಬರೆದುಕೊಳ್ಳುತ್ತಿದ್ದರು. ಉದ್ದನೆಯ ಲೆಡ್ಜರ್ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು, ಹೊಳಪು, ಅಂಚಿನ ಸ್ಪಷ್ಟತೆ, ಕಣ್ಣಿಡಲು ಸಲೀಸು ಎಂದು ಕಾಲಂ ಮಾಡಿ, ಪ್ರತಿ ಐಪೀಸಿಗೂ ಹತ್ತಕ್ಕೆ ಎಷ್ಟು ಎಂದು ಮೂವರ ಅಂಕ ಬರೆಸುತ್ತಿದ್ದರು. ಆ ಪುಸ್ತಕ ನಮ್ಮ ಮನೆಯಲ್ಲೇ ಇರುತ್ತಿತ್ತು, ಏಕೆಂದರೆ ದೂರದರ್ಶಕ ಇದ್ದದ್ದು ನಮ್ಮ ತಾರಸಿಯಲ್ಲಿ. ಆರಿಂಚು ಕನ್ನಡಿಯ, ಎದೆಯೆತ್ತರದ ಉದ್ದ ಕೊಳಾಯಿಯಂಥ ಯಂತ್ರ ಅದು. ಲೇತ್ ಅಣ್ಣನೇ ಅದಕ್ಕೆ ಪ್ಲೈವುಡ್ ಪೀಠ ಮಾಡಿಕೊಟ್ಟಿದ್ದರು.

ಭಾನುವಾರ ಮಧ್ಯಾಹ್ನ ಬಿಸಿಲಿನಲ್ಲೇ ಪರೀಕ್ಷೆ ಶುರುವಾಗುತ್ತಿತ್ತು. ಎರಡು ರಸ್ತೆ ಆಚೆಯ ಮೊಬೈಲ್ ಟವರಿನ ಬೋಲ್ಟುಗಳನ್ನು ಎಣಿಸಿ ಒಬ್ಬರು ಹದಿನಾಲ್ಕು ಎಂದರೆ ಇನ್ನೊಬ್ಬರು ಹದಿನೈದು ಎನ್ನುವರು. ಆ ಹದಿನೈದನೆಯ ಬೋಲ್ಟಿಗಾಗಿ ಒಂದು ಸಲ ಎರಡು ವಾರ ಮಾತು ಬಿಟ್ಟದ್ದೂ ಉಂಟು. ಕೊನೆಗೆ ಅದು ಹಕ್ಕಿಯ ಹಿಕ್ಕೆ ಎಂದು ಗೊತ್ತಾಯಿತು. ಇನ್ನು ಹೊಸ ಐಪೀಸು ಮನೆಗೆ ಬಂದಿತೆಂದರೆ ಆಕಾಶಕ್ಕೆ ಮೋಡ ಬಂದೇ ಬರುತ್ತಿತ್ತು. ಬೀದಿಯವರೂ ಇದನ್ನು ಗಮನಿಸಿದ್ದರು. ಎದುರುಮನೆಯ ಆಂಟಿ ಹಪ್ಪಳ ಒಣಗಿಸುವ ಮುಂಚೆ, “ಏನಾದ್ರೂ ಹೊಸ್ದು ತರಿಸಿದೀರೇನ್ರಿ ಈ ವಾರ?” ಎಂದು ಕೇಳಿಕೊಂಡು ಹೋಗುತ್ತಿದ್ದರು.

ಇಷ್ಟರ ನಡುವೆ ನಮ್ಮ ಅಮ್ಮನದು ಒಂದೇ ಆಸೆ. ಅವಳಿಗೆ ಶನಿಯ ಮುಖ ನೋಡಬೇಕಿತ್ತು.

ಅಮ್ಮನಿಗೆ ಸಾಡೇಸಾತಿ ನಡೆದಿತ್ತು. ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದ್ದು, ಅಪ್ಪ ತೀರಿಕೊಂಡದ್ದು, ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ನಪಾಸಾದದ್ದು, ಮೂರೂ ಆ ಏಳೂವರೆ ವರ್ಷದೊಳಗೇ. ಮೂರನ್ನೂ ಅವಳು ಒಂದೇ ಸಾಲಿನಲ್ಲಿ ಹೇಳುತ್ತಿದ್ದಳು. ಆ ಏಳೂವರೆ ವರ್ಷವೂ, ಅದು ಕಳೆದ ಮೇಲೂ, ಶನಿವಾರ ಸಂಜೆ ತಪ್ಪದೆ ಗುಡಿಗೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿ ಬರುತ್ತಿದ್ದಳು. ಗುಡಿಯಲ್ಲಿ ಶನಿಯ ಎದುರಿಗೆ ನೇರ ನಿಲ್ಲಬಾರದು, ಪಕ್ಕಕ್ಕೆ ನಿಂತು ಕೈಮುಗಿಯಬೇಕು ಎಂದು ಅರ್ಚಕರ ಕಟ್ಟಪ್ಪಣೆ.

“ಅಷ್ಟು ವರ್ಷ ಹೆಗಲ ಮೇಲೆ ಹೊತ್ತಿದೀನಿ ಕಣೋ ಅವನನ್ನ. ಒಂದು ಸಲ ಮುಖ ನೋಡೋ ಹಕ್ಕಿಲ್ವಾ ನಂಗೆ?” ಎನ್ನುವಳು. “ನಿನ್ನ ಕೊಳಾಯೀಲಿ ತೋರಿಸು. ಬಳೆ ತೊಟ್ಕೊಂಡಿದಾನಂತಲ್ಲ, ಕ್ಯಾಲೆಂಡರಲ್ಲಿ ಹಾಕಿದ್ರು.”

ತೋರಿಸುವುದು ಐದು ನಿಮಿಷದ ಕೆಲಸ. ಆ ವರ್ಷ ಶನಿಯ ಬಳೆ ಭೂಮಿಯ ಕಡೆಗೆ ಚೆನ್ನಾಗಿ ವಾಲಿಕೊಂಡು, ಕ್ಯಾಲೆಂಡರಿನಲ್ಲಿದ್ದಂತೆಯೇ ಅಗಲವಾಗಿ ತೆರೆದಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ನೆತ್ತಿಯ ಹತ್ತಿರ ಇರುತ್ತಿತ್ತು. ಆದರೆ ನನಗೆ ನನ್ನ ಬಳಿಯಿದ್ದ ಐಪೀಸಿನ ಮೇಲೆ ನಂಬಿಕೆ ಇರಲಿಲ್ಲ. ಅದು ಕನ್ನಡಿಯ ಜೊತೆ ಡಬ್ಬಿಯಲ್ಲಿ ಪುಕ್ಕಟೆ ಬಂದದ್ದು. ಅದರಲ್ಲಿ ನೋಟ ಕಿರಿದು, ಕೊಳವೆಯೊಳಗಿಂದ ಇಣುಕಿದಂತೆ. ಲೆಡ್ಜರಿನಲ್ಲಿ ಅದಕ್ಕೆ ಬಿದ್ದದ್ದು ಹತ್ತಕ್ಕೆ ಮೂರು.

“ಇದರಲ್ಲಿ ಸಣ್ಣಗೆ ಕಾಣ್ತಾನಮ್ಮ. ಬೇರೆ ತರಿಸ್ತಾ ಇದೀನಿ. ನೋಡೋದಾದ್ರೆ ಚೆನ್ನಾಗೇ ನೋಡು,” ಎಂದೆ.

ಬೇರೆಯದು ಬಂದ ಮೇಲೆ ಪುಕ್ಕಟೆಯದನ್ನು ಅಮ್ಮನೇ ಕೇಳಿ ತೆಗೆದುಕೊಂಡಳು. ಐಪೀಸನ್ನು ಬಿಡಿಯಾಗಿ ಹಿಡಿದರೆ ಒಳ್ಳೆಯ ಭೂತಗನ್ನಡಿಯಾಗುತ್ತದೆ. ಅದಕ್ಕೊಂದು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಪಂಚಾಂಗದ ಸಣ್ಣ ಅಕ್ಷರ, ಮಾತ್ರೆ ಚೀಟಿಯ ಮೇಲಿನ ತಾರೀಖು ಓದಲು ಶುರುಮಾಡಿದಳು. ನನಗೂ ಒಂದು ಕಸ ಕಡಿಮೆಯಾಯಿತು ಎನಿಸಿತು.

ಮುಂದಿನ ವರ್ಷ ಬಂದ ಆ ಹೊಸ ಐಪೀಸಿನ ಬಾಯಿ ಸಾಸಿವೆಯಷ್ಟು. ಕಣ್ಣಿನ ರೆಪ್ಪೆ ತಾಗಿ ಅಮ್ಮನ ಕಣ್ಣಲ್ಲಿ ನೀರು ಬಂತೇ ಹೊರತು ಶನಿ ಬರಲಿಲ್ಲ. ಅದರ ಮುಂದಿನ ವರ್ಷ ಕನ್ನಡಿ ಮಂಕಾಗಿದೆ ಎಂದು ಹೊಸ ಲೇಪ ಹಾಕಿಸಲು ಕಳಿಸಿದೆ. ಅದು ವಾಪಸು ಬರುವ ಹೊತ್ತಿಗೆ ಮಳೆಗಾಲ. ಈ ನಡುವೆ ಅಮ್ಮನ ಕಣ್ಣಿಗೆ ಗ್ಲಕೋಮಾ ಎಂದು ಗೊತ್ತಾಯಿತು. ಎಡಗಣ್ಣು ಆಗಲೇ ಬಹುಪಾಲು ಹೋಗಿತ್ತು. ಬಲಗಣ್ಣಿನಲ್ಲಿ ನಡುವಿನ ನೋಟ ಮಾತ್ರ ಚೆನ್ನಾಗಿತ್ತು.

“ಪಕ್ಕದಿಂದ ಕಪ್ಪು ಬರ್ತಾ ಇದೆ. ಡ್ರಾಪ್ಸ್ ತಪ್ಪಿಸಿದ್ರೆ ನಡುವಿಗೂ ಬರಬಹುದು,” ಎಂದು ಡಾಕ್ಟರು ಅಮ್ಮನ ಎದುರಿಗೇ ಹೇಳಿದರು.

ಅಲ್ಲಿಗೆ ನನಗೂ ಆತುರ ಹುಟ್ಟಿತು. ಆ ಕಪ್ಪು ನಡುವಿಗೆ ಬರುವ ಮೊದಲು ಅಮ್ಮ ಶನಿಯನ್ನು ನೋಡಿಬಿಡಬೇಕು. ಬೇರೆ ಮಗನಾಗಿದ್ದರೆ ಅಂದೇ ಸಂಜೆ ತಾರಸಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದ. ನಾನು ಇನ್ನೂ ದೊಡ್ಡ ಐಪೀಸಿಗೆ ಹೇಳಿಕಳಿಸಿದೆ.

ಸಿಂಗಪುರಕ್ಕೆ ತರಬೇತಿಗೆ ಹೋಗಿದ್ದ ಆಫೀಸಿನ ಸಹೋದ್ಯೋಗಿಯೊಬ್ಬರು ಅದನ್ನು ಕಾಲುಚೀಲದೊಳಗೆ ಸುತ್ತಿ ತಂದುಕೊಟ್ಟರು. ಅರ್ಧ ಕೆಜಿಗೆ ಕಡಿಮೆ ಇಲ್ಲದ, ಕೈತುಂಬ ಹಿಡಿಯುವ ಸಾಮಾನು. ಅದರಲ್ಲಿ ಕಣ್ಣಿಟ್ಟರೆ ಅಂಚೇ ಕಾಣದು, ಆಕಾಶದಲ್ಲೇ ಬಿದ್ದುಹೋದಂತೆ ಎಂದು ಇಂಟರ್ನೆಟ್ಟಿನಲ್ಲಿ ಎಲ್ಲರೂ ಬರೆದಿದ್ದರು. ಅಮ್ಮ ಅದನ್ನು ಕೈಯಲ್ಲಿ ತೂಗಿ ನೋಡಿ, “ಎಲೆ ಅಡಿಕೆ ಕುಟ್ಟಬಹುದು,” ಎಂದಳು. ಅಂದಿನಿಂದ ಅದರ ಹೆಸರು ಕುಟ್ಟಾಣಿ ಎಂದೇ ಆಯಿತು. ಲೆಡ್ಜರಿನಲ್ಲೂ ಬ್ಯಾಂಕಿನವರು ಹಾಗೇ ಬರೆದರು. ಮೇಲ್ತುದಿಯಲ್ಲಿ ಸಿಕ್ಕಿಸಿದ ಕುಟ್ಟಾಣಿಯ ಭಾರಕ್ಕೆ ಕೊಳಾಯಿ ಮೂತಿ ಇಳಿಬಿಟ್ಟಿತು. ಲೇತ್ ಅಣ್ಣ ಬುಡಕ್ಕೆ ಎರಡು ತಕ್ಕಡಿ ಕಲ್ಲು ಕಟ್ಟಿ ಸರಿದೂಗಿಸಿದರು.

ವಾಡಿಕೆಯಂತೆ ಮೋಡ ಕವಿಯಿತು. ಎರಡು ವಾರದ ಮೇಲೆ, ಎರಡು ಸಾವಿರದ ಏಳರ ಫೆಬ್ರವರಿಯ ಒಂದು ಸಂಜೆ, ಆಕಾಶ ತಿಳಿಯಾಯಿತು. ಮೊದಲು ನಾವು ಮೂವರು ಸರದಿಯ ಮೇಲೆ ನೋಡಿ ಅಂಕ ಕೊಟ್ಟೆವು. ಅದು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅಮ್ಮ ಸ್ಟೂಲಿನ ಮೇಲೆ ಸೆರಗು ಹೊದ್ದು ಕೂತಿದ್ದಳು. ಕೊನೆಗೆ ಸ್ಟೂಲನ್ನು ಹತ್ತಿರಕ್ಕೆ ಎಳೆದು ಅವಳ ತಲೆಯನ್ನು ಮೆಲ್ಲಗೆ ಐಪೀಸಿನ ಮೇಲೆ ಬಗ್ಗಿಸಿದೆ.

“ಕಾಣ್ತಾ ಅಮ್ಮ?”

ತಲೆ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿತು.

“ಕಾಣ್ತಾ?”

“ಹೂಂ ಕಣೋ.”

“ಬಳೆ ಕಾಣ್ತಾ?”

“ಕಾಣ್ತು. ಕ್ಯಾಲೆಂಡರಲ್ಲಿ ಇರೋ ಹಾಗೇ ಇದೆ.”

ನಾವು ಮೂವರೂ ಗೆದ್ದ ಪಾರ್ಟಿಯವರಂತೆ ಕೈ ಕುಲುಕಿಕೊಂಡೆವು. ಬ್ಯಾಂಕಿನವರು ಟಾರ್ಚಿನ ಬೆಳಕಲ್ಲಿ ಲೆಡ್ಜರ್ ತೆರೆದು ಬರೆದರು: ಅಮ್ಮನವರು. ಬಳೆ ಸ್ಪಷ್ಟ. ಹತ್ತಕ್ಕೆ ಹತ್ತು.

ಅದು ಸುಳ್ಳು. ಅಮ್ಮನಿಗೆ ಕಂಡದ್ದು ಬರೀ ಕಪ್ಪು. ಡಾಕ್ಟರು ಹೇಳಿದ ಕಪ್ಪು ನಡುವಿಗೆ ಬಂದಿದೆ, ಹಗಲು ಹೇಗೋ ನಡೆದರೂ ಕತ್ತಲಲ್ಲಿ ತನ್ನ ಕಣ್ಣು ಹೋಯಿತು, ತನಗೆ ಇರುಳುಗಣ್ಣು ಎಂದು ಅವಳು ಆ ಸ್ಟೂಲಿನ ಮೇಲೆ ಕೂತಲ್ಲೇ ತೀರ್ಮಾನಿಸಿದ್ದಳು. ಯಾರಿಗೂ ಹೇಳಲಿಲ್ಲ. ಡ್ರಾಪ್ಸ್ ತಪ್ಪದೆ ಹಾಕಿಕೊಂಡರೂ ಡಾಕ್ಟರ ಹತ್ತಿರ ಮತ್ತೆ ಹೋಗಲಿಲ್ಲ. ನನಗೆ ಇದು ತಿಳಿಯಲು ಎರಡು ವರ್ಷ ಬೇಕಾಯಿತು.

ಆ ಎರಡು ವರ್ಷ ಅವಳು ಸಂಜೆಯಾದ ಮೇಲೆ ಮನೆ ಬಿಡಲಿಲ್ಲ. ಶನಿವಾರದ ಗುಡಿ ನಿಂತಿತು. ದೀಪದ ಎಣ್ಣೆಯನ್ನು ನನ್ನ ಹೆಂಡತಿಯ ಕೈಯಲ್ಲಿ ಕಳಿಸುವಳು. ಎಲ್ಲಾದರೂ ಹೋಗಿ ಬರುವಾಗ ಹೊತ್ತಾದರೆ ಬೀದಿಯ ಉದ್ದಕ್ಕೂ ಕಾಂಪೌಂಡ್ ಗೋಡೆ ಮುಟ್ಟಿಕೊಂಡೇ ನಡೆಯುವಳು. ಕೇಳಿದರೆ ಮಂಡಿ ನೋವು ಎನ್ನುವಳು. ನಾವು ಮಂಡಿಗೆ ಎಣ್ಣೆ ತಂದುಕೊಟ್ಟೆವು. ಅದನ್ನೂ ಪಾಪ ಹಚ್ಚಿಕೊಂಡಳು. ತಾರಸಿಗೆ ಕರೆದರೆ, “ನೋಡಿದೀನಲ್ಲೋ. ಎಷ್ಟು ಸಲ ನೋಡೋದು ಅವನನ್ನ,” ಎಂದು ಟಿವಿಯ ಕಡೆ ತಿರುಗುವಳು. ಅತ್ತ ಶನಿಯ ಬಳೆಯೂ ವರ್ಷದಿಂದ ವರ್ಷಕ್ಕೆ ಭೂಮಿಗೆ ಅಂಚು ತಿರುಗಿಸುತ್ತಾ ಕಿರಿದಾಗುತ್ತಿತ್ತು. ನಾವು ಮೂವರು ಅದಕ್ಕೆ ಮರುಗಿ ಲೆಡ್ಜರಿನಲ್ಲಿ ಎರಡು ಪುಟ ಬರೆದೆವು. ಮನೆಯಲ್ಲಿ ಒಬ್ಬಳ ಸಂಜೆಗಳೇ ಮುಚ್ಚಿಹೋಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಎರಡು ಸಾವಿರದ ಒಂಬತ್ತರ ಯುಗಾದಿ ಮುಗಿದ ಮೇಲೆ ನನಗೆ ಕುಟ್ಟಾಣಿಯ ಮೇಲೆ ಮನಸ್ಸು ಮುರಿಯಿತು. ಅದಕ್ಕಿಂತ ದೊಡ್ಡದೊಂದು ಬಂದಿದೆ ಎಂದು ಓದಿದ್ದೆ. ಮಾರಿಬಿಡೋಣ ಎಂದು ಜಾಹೀರಾತು ಬರೆಯಲು ಕೂತೆ. ನಮ್ಮ ಹವ್ಯಾಸಿಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಹಳೆಯ ಐಪೀಸು ಮಾರುವವನು ಮೊದಲು ಅದರ ದೋಷ ಹೇಳಬೇಕು, ಆಮೇಲೆ ಗುಣ. ದೋಷ ಮುಚ್ಚಿಟ್ಟವನಿಂದ ಮತ್ತೆ ಯಾರೂ ಕೊಳ್ಳುವುದಿಲ್ಲ. ಕುಟ್ಟಾಣಿಯ ದೋಷ ಏನಿತ್ತು ಎಂದು ನೆನಪಿಸಿಕೊಳ್ಳಲು ಲೆಡ್ಜರ್ ತೆಗೆದೆ.

ಆ ಪುಟದಲ್ಲಿ ನನ್ನದೇ ಕೈಬರಹ. ‘ಕಣ್ಣು ಕೂದಲೆಳೆಯಷ್ಟು ಸರಿದರೂ ನೋಟ ಪೂರ್ತಿ ಕಪ್ಪಾಗುತ್ತದೆ. ಮೋಡದ ದಿನಗಳಲ್ಲಿ ಟವರಿನ ಮೇಲೆ ಅಭ್ಯಾಸ ಮಾಡಿ ಸರಿಯಾದ ಜಾಗ ಸಿಗಲು ನನಗೆ ಒಂದು ವಾರ ಹಿಡಿಯಿತು. ಕಣ್ಣಿಡಲು ಸಲೀಸು: ಹತ್ತಕ್ಕೆ ಎರಡು.’ ಅದರ ಎರಡು ಸಾಲು ಕೆಳಗೆ ಬ್ಯಾಂಕಿನವರ ಮುದ್ದಾದ ಅಕ್ಷರದಲ್ಲಿ ಅಮ್ಮನವರ ಹತ್ತಕ್ಕೆ ಹತ್ತು.

ನನಗೆ ವಾರ ಹಿಡಿದದ್ದು, ಒಂದೇ ಕಣ್ಣಿನ, ಅದರಲ್ಲೂ ನಡುವಿನ ನೋಟ ಮಾತ್ರ ಉಳಿದಿದ್ದ ಅಮ್ಮನಿಗೆ ಒಂದೇ ನಿಮಿಷದಲ್ಲಿ ಸಿಕ್ಕಿತೇ? ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಅಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

“ಅಮ್ಮ, ಆವತ್ತು ನಿಜವಾಗ್ಲೂ ಶನಿ ಕಾಣಿಸಿದ್ನಾ ನಿಂಗೆ?”

“ಈಗ್ಯಾಕೋ ಅದು?”

“ಹೇಳಮ್ಮ.”

ಇನ್ನೆರಡು ಬೀಜ ಬಿಡಿಸಿದಳು. “ಕಪ್ಪಗಿತ್ತು ಕಣೋ. ಒಂದು ಚೂರೂ ಬೆಳಕಿಲ್ಲ. ಡಾಕ್ಟ್ರು ಹೇಳಿದ್ದು ಬಂದೇಬಿಡ್ತು ಅನ್ಕೊಂಡೆ. ನೀವು ಮೂರು ಜನ ರಿಸಲ್ಟಿಗೆ ಕಾದಿರೋ ಹುಡುಗ್ರ ಥರ ನನ್ನ ಬಾಯೇ ನೋಡ್ತಾ ನಿಂತಿದ್ರಿ. ಏನಂತ ಹೇಳ್ಲಿ?”

ನನಗೆ ನಾಚಿಕೆಯಾಯಿತು. ಅಳುವೂ ಬಂತು. ಅಂದು ಕಪ್ಪಾಗಿದ್ದು ಐಪೀಸಿನ ದೋಷ ಇರಬಹುದು, ನಿನ್ನ ಕಣ್ಣಿನದಲ್ಲ ಎಂದು ಲೆಡ್ಜರ್ ತೋರಿಸಿ ಹೇಳಿದೆ. ಅಮ್ಮ ನಂಬಲಿಲ್ಲ. “ಅಷ್ಟು ದೊಡ್ಡ ಸಾಮಾನು ಸುಳ್ಳು ಹೇಳುತ್ತೇನೋ,” ಎಂದಳು. ನನಗೂ ಒಳಗೊಳಗೆ ಭಯವೇ. ಇಷ್ಟು ದಿನದಲ್ಲಿ ಕಪ್ಪು ನಿಜವಾಗಿಯೇ ನಡುವಿಗೆ ಬಂದಿದ್ದರೆ? ಇಬ್ಬರಿಗೂ ಫೋನು ಮಾಡಿದೆ. ಸಂಜೆ ಏಳಕ್ಕೆ ಬಂದರು. ವಿಷಯ ಕೇಳಿ ಬ್ಯಾಂಕಿನವರು ಕನ್ನಡಕ ತೆಗೆದು ಒರೆಸಿಕೊಂಡರು. ಲೇತ್ ಅಣ್ಣ ತಲೆ ಚಚ್ಚಿಕೊಂಡರು.

“ಆವತ್ತೇ ಅನ್ಕೋಬೇಕಿತ್ತು ಸ್ವಾಮಿ. ಮೊದಲ್ನೇ ಸಲ ನೋಡೋರು ಯಾರೇ ಆಗ್ಲಿ, ‘ಅಯ್ಯೋ, ಓಡ್ತಾ ಇದಾನೆ’ ಅಂತಾರೆ. ಅಮ್ಮಾವ್ರು ಅನ್ಲೇ ಇಲ್ವಲ್ಲ.”

ಮಾತು ನಿಜ. ಭೂಮಿ ತಿರುಗುವುದರಿಂದ ಐಪೀಸಿನಲ್ಲಿ ಗ್ರಹ ನಿಲ್ಲುವುದಿಲ್ಲ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಜಾರುತ್ತಲೇ ಇರುತ್ತದೆ. ಆಗಾಗ ಕೊಳಾಯಿಯನ್ನು ಮೆಲ್ಲಗೆ ತಳ್ಳುತ್ತಿರಬೇಕು. ಅಮ್ಮ ನೋಡಿದ ದಿನ ನಾವು ತಳ್ಳಿಯೂ ಇರಲಿಲ್ಲ.

ತಾರಸಿಗೆ ಹೋದೆವು. ಅಮ್ಮ ಮೆಟ್ಟಿಲ ಗೋಡೆ ಹಿಡಿದುಕೊಂಡು ಹತ್ತಿದಳು. ಇಷ್ಟೆಲ್ಲ ಆದ ಮೇಲೂ ನಾವು ಬುದ್ಧಿ ಕಲಿತಿರಲಿಲ್ಲ. ಬ್ಯಾಂಕಿನವರು ಮೂರು ಡಬ್ಬಿ ತೆರೆದು, “ಅಮ್ಮನವರಿಗೆ ಇದು ಸರಿಹೋಗುತ್ತೆ ಸಾರ್, ಅಂಕ ಎಂಟೂವರೆ ಇದೆ,” ಎಂದರು. ಲೇತ್ ಅಣ್ಣ ತಮ್ಮ ಗುಜರಿಯ ಹಿತ್ತಾಳೆ ಕೊಳವೆಯೇ ವಾಸಿ ಎಂದರು. ಮಾತು ಅಂಚಿನ ಸ್ಪಷ್ಟತೆಗೆ ಹೋಯಿತು. ಅಲ್ಲಿಂದ ಆ ಹದಿನೈದನೆಯ ಬೋಲ್ಟಿಗೂ ಹೋಗುತ್ತಿತ್ತೋ ಏನೋ.

“ಸಾಕು ನಿಲ್ಸ್ರೋ,” ಎಂದಳು ಅಮ್ಮ. ಕೊರಳಿನ ದಾರ ತೆಗೆದು ತನ್ನ ಭೂತಗನ್ನಡಿಯನ್ನು ಮುಂದೆ ಹಿಡಿದಳು. “ಇದನ್ನ ಹಾಕಿ. ಇದರಲ್ಲಿ ಕಣ್ಣು ಎಲ್ಲಿಟ್ರೆ ಕಾಣುತ್ತೆ ಅಂತ ನಂಗೆ ಗೊತ್ತು. ದಿನಾ ಇಡ್ತೀನಿ.”

ಡಬ್ಬಿಯಲ್ಲಿ ಪುಕ್ಕಟೆ ಬಂದ, ಹತ್ತಕ್ಕೆ ಮೂರರ ಐಪೀಸು. ಗಾಜಿನ ಮೇಲೆ ಅರಿಶಿನ ಕುಂಕುಮದ ಗುರುತಿತ್ತು. ಐಪೀಸು ಒರೆಸಲು ವಿದೇಶದ ಕಾಗದವನ್ನೇ ಬಳಸುತ್ತಿದ್ದ ಬ್ಯಾಂಕಿನವರು ನೋಡುತ್ತಿದ್ದಂತೆಯೇ ಲೇತ್ ಅಣ್ಣ ಅದನ್ನು ಪಂಚೆಯ ಚುಂಗಿನಿಂದ ಒರೆಸಿ ಸಿಕ್ಕಿಸಿದರು. ನಾನು ಶನಿಯನ್ನು ಹುಡುಕಿ ನಡುವಿಗೆ ತಂದೆ. ಅಮ್ಮ ಕನ್ನಡಕ ತೆಗೆದು, ಪಂಚಾಂಗ ಓದುವಂತೆಯೇ, ಯಾರ ಸಹಾಯವೂ ಇಲ್ಲದೆ ಕಣ್ಣಿಟ್ಟಳು.

ಈ ಸಲ ನಾನು ಏನೂ ಕೇಳಲಿಲ್ಲ.

“ಬಳೆ ಎಲ್ಲೋ?” ಎಂದಳು.

ನಾನು ಗಾಬರಿಯಲ್ಲಿ ಫೋಕಸ್ ತಿರುಪಿಗೆ ಕೈ ಹಾಕಲು ಹೋದೆ.

“ಬಳೆ ಅಂತಿದ್ರಿ. ಇದು ನಿಂಬೆಹಣ್ಣಿಗೆ ಕಡ್ಡಿ ಚುಚ್ಚಿದ ಹಾಗಿದೆಯಲ್ಲೋ. ಈ ಕಡೆ ಒಂಚೂರು, ಆ ಕಡೆ ಒಂಚೂರು... ಅಯ್ಯೋ, ಓಡ್ತಾ ಇದಾನೆ, ಹಿಡ್ಕೊಳ್ರೋ!”

ಬಳೆ ಆ ವರ್ಷ ಹೆಚ್ಚುಕಡಿಮೆ ಪೂರ್ತಿ ಅಂಚು ತಿರುಗಿಸಿ ಗೆರೆಯಂತಾಗಿದೆ ಎಂದು ಅಮ್ಮನಿಗೆ ನಾವ್ಯಾರೂ ಹೇಳಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಕ್ಯಾಲೆಂಡರಿನ ಶನಿ ಮಾತ್ರ. ಕಡ್ಡಿಯನ್ನು ಅವಳು ಕಣ್ಣಿಂದಲೇ ಕಂಡಿರಬೇಕು. ಲೇತ್ ಅಣ್ಣ ಆಕಾಶದ ಕಡೆ ಮುಖ ಮಾಡಿ ಜೋರಾಗಿ ನಗಲು ಶುರುಮಾಡಿದರು. ನಾನು ಕೊಳಾಯಿಯನ್ನು ತಳ್ಳಿದೆ, ಮತ್ತೆ ತಳ್ಳಿದೆ. ಕಣ್ಣು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಅಮ್ಮ ಬಹಳ ಹೊತ್ತು ನೋಡಿದಳು. “ಇಷ್ಟೇನಾ ಇವನು? ಇಷ್ಟಕ್ಕೆ ಅಷ್ಟು ವರ್ಷ ಎಳ್ಳೆಣ್ಣೆ ಸುರಿದೆನಾ?” ಎಂದಳು.

ಐದು ವರ್ಷದ ಹಿಂದೆ ತೋರಿಸಿದ್ದರೆ ಬಳೆ ಅಗಲವಾಗಿ ಕಾಣುತ್ತಿತ್ತಮ್ಮ, ತಪ್ಪು ನನ್ನದು ಎಂದೆ. ಅವಳು ಐಪೀಸನ್ನು ತಾನೇ ಕಿತ್ತು ಕೊರಳಿಗೆ ಹಾಕಿಕೊಂಡು, “ಬೆಳಿಗ್ಗೆ ಪಂಚಾಂಗ ನೋಡ್ಬೇಕು,” ಎಂದು ಎದ್ದಳು. ಬ್ಯಾಂಕಿನವರು ಲೆಡ್ಜರಿನ ಹಳೆಯ ಸಾಲಿಗೆ ಅಡ್ಡಗೆರೆ ಎಳೆದರು.

ಆ ವಾರವೇ ಡಾಕ್ಟರಿಗೆ ತೋರಿಸಿದೆವು. ಬಲಗಣ್ಣಿನ ನಡುವಿನ ನೋಟ ಎರಡು ವರ್ಷದ ಹಿಂದೆ ಹೇಗಿತ್ತೋ ಹಾಗೇ ಇದೆ, ಡ್ರಾಪ್ಸ್ ಮುಂದುವರಿಸಿ ಎಂದರು. ಕುಟ್ಟಾಣಿಯನ್ನು ದೋಷಸಮೇತ ಜಾಹೀರಾತು ಕೊಟ್ಟು ಮಾರಿದೆ. ಅದಕ್ಕಿಂತ ದೊಡ್ಡದನ್ನು ಕೊಳ್ಳಲಿಲ್ಲ ಎಂದು ಬರೆದರೆ ನನ್ನ ಹೆಂಡತಿ ನಗುತ್ತಾಳೆ. ಆರು ತಿಂಗಳು ಕೊಳ್ಳಲಿಲ್ಲ.

ಶನಿವಾರ ಬಂತು. ಸಂಜೆ ಆರೂಮುಕ್ಕಾಲಿಗೆ ಅಮ್ಮ ಎಳ್ಳೆಣ್ಣೆಯ ಸಣ್ಣ ಬಾಟಲಿ ಹಿಡಿದು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ನಾನೂ ಎದ್ದು ಚಪ್ಪಲಿ ಹುಡುಕಿದೆ.

“ನೀನ್ಯಾಕೋ?”

“ಕತ್ತಲಾಗ್ತಾ ಇದೆಯಲ್ಲಮ್ಮ.”

“ಆಗ್ಲಿ ಬಿಡು. ಮುಖಪರಿಚಯ ಆಗಿದೆಯಲ್ಲ. ಪರಿಚಯದವರ ಮನೆಗೆ ಹೋಗೋಕೆ ಜೊತೆ ಬೇಕೇನೋ?”

ಗೇಟು ತೆಗೆದು ಹೊರಟಳು. ಬೀದಿದೀಪ ಇನ್ನೂ ಹತ್ತಿರಲಿಲ್ಲ. ಅವಳು ತಿರುವು ದಾಟುವವರೆಗೆ ನಾನು ಗೇಟಿನಲ್ಲೇ ನಿಂತು ನೋಡಿದೆ. ಒಂದು ಸಲವೂ ಕಾಂಪೌಂಡ್ ಗೋಡೆ ಮುಟ್ಟಲಿಲ್ಲ.